ಸಿಪಾಯಿಗೆ ಪಾಠ ಹೇಳುವ ಬಗೆ

ಸೈನ್ಯದ ಶಿಕ್ಷಣವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕವಾಯತು: ಸಾಲಾಗಿ ನಿಂತ ಹುಡುಗರು, ಗಟ್ಟಿ ಗಂಟಲಿನ ಅಪ್ಪಣೆ, ಒಟ್ಟಿಗೆ ನೆಲಕ್ಕೆ ಬೀಳುವ ಬೂಟುಗಳ ಸದ್ದು. ಅಲ್ಲಿ ವಿಧೇಯತೆಯುಂಟು, ವಿದ್ಯೆಯೇನಿದ್ದೀತು ಎಂದು ಓದುಬರಹ ಬಲ್ಲವರು ಕೇಳುವುದುಂಟು. ತೂಬಗೆರೆಯ ಸೀಮೆಯಲ್ಲಿ ಬಹುಕಾಲ ಮೇಷ್ಟರಾಗಿದ್ದ ನನಗೆ ಈ ಪ್ರಶ್ನೆಯಲ್ಲಿ ಬೇರೊಂದು ಆಸಕ್ತಿಯಿದೆ. ನನ್ನ ತರಗತಿಯಲ್ಲಿ ಕುಳಿತೆದ್ದ ಹುಡುಗರಲ್ಲಿ ಕೆಲವರು ಸೈನ್ಯ ಸೇರಿದ್ದಾರೆ. ಶಾಲೆಯಲ್ಲಿ ಕಲಿತದ್ದು ಪರೀಕ್ಷೆಯ ಮರುದಿನವೇ ಮರೆತುಹೋದರೂ ಲೋಕ ಮುಳುಗುವುದಿಲ್ಲ. ಅಲ್ಲಿ ಕೆಲವೇ ತಿಂಗಳಲ್ಲಿ ಕಲಿತದ್ದು ಮರೆತರೆ ಪ್ರಾಣಕ್ಕೇ ಸಂಚಕಾರ. ಹೀಗಿರುವಾಗ ಆ ಪಾಠವನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂಬುದು ಅಧ್ಯಾಪಕರಾದವರೆಲ್ಲ ವಿಚಾರಿಸತಕ್ಕ ಸಂಗತಿ.

ಈ ವಿಚಾರ ನಮ್ಮ ನೆಲಕ್ಕೆ ಹೊಸದಲ್ಲ. ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನು ತನ್ನ ಸೈನ್ಯಕ್ಕಾಗಿ ‘ಫತ್-ಉಲ್-ಮುಜಾಹಿದೀನ್’ ಎಂಬ ಕೈಪಿಡಿಯನ್ನು ಜೈನುಲ್ ಆಬಿದೀನ್ ಷುಸ್ತರಿಯಿಂದ ಪಾರಸಿಯಲ್ಲಿ ಬರೆಯಿಸಿದನು. ಮೈಸೂರಿನ ಕಬ್ಬಿಣದ ಕೊಳವೆಯ ಅಗ್ನಿಬಾಣಗಳು ಹೆಸರಾಗಿದ್ದ ಕಾಲವದು. ಕತ್ತಿ ಬೀಸುವುದನ್ನು ಮಗನು ತಂದೆಯನ್ನು ನೋಡಿ ಕಲಿತಾನು. ಆದರೆ ಕೊಳವೆಯ ಗಾತ್ರ, ಗುರಿಯ ದೂರ, ಹಾರಿಸುವ ಓರೆ ಇವುಗಳ ಲೆಕ್ಕವನ್ನು ನೂರಾರು ಮಂದಿಗೆ ಒಂದೇ ಸಮನಾಗಿ ಕಲಿಸಬೇಕಾದಾಗ ನೋಡಿ ಕಲಿಯುವ ಪದ್ಧತಿ ಸಾಲದು. ಹೊಸ ಆಯುಧ ಬಂದಲ್ಲಿ ಹೊಸ ಪಾಠವೂ ಹುಟ್ಟಲೇಬೇಕು.

ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ 1780ರಷ್ಟು ಹಳೆಯ ಬೇರುಳ್ಳದ್ದು. ಇದರ ಯೋಧರನ್ನು ಸೈನ್ಯದವರೆಲ್ಲ ಪ್ರೀತಿಯಿಂದ ‘ತಂಬಿ’ಗಳೆಂದು ಕರೆಯುತ್ತಾರೆ. ಈ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಇಲ್ಲಿಯೇ ರೂಪಿಸಿದ ಸಾಧನ ‘ಬೆಂಗಳೂರು ಟಾರ್ಪೆಡೊ’. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ ಶತ್ರುವಿನ ಮುಳ್ಳುತಂತಿಯ ಅಡಿಗೆ ತಳ್ಳುವುದು. ಸಿಪಾಯಿ ತಾನು ಮರೆಯಲ್ಲಿದ್ದುಕೊಂಡೇ ದಾರಿ ತೆರೆಯುವುದು. ಇದೇ ಅದರ ಉಪಾಯ. 1944ರಲ್ಲಿ ನಾರ್ಮಂಡಿಯ ಕಡಲತೀರದಲ್ಲಿಯೂ ಅದು ತಂತಿಬೇಲಿಗಳನ್ನು ಹರಿಯಿತು.

ಈಗ ಓದುಗರು ಒಂದು ನಿಮಿಷ ತಾವೇ ಶಿಕ್ಷಕರೆಂದು ಭಾವಿಸಲಿ. ಈ ಕೊಳವೆಯ ವಿಷಯವಾಗಿ ಹೊಸ ಹುಡುಗರಿಗೆ ಏನು ಕಲಿಸುವಿರಿ? ಶಾಲೆಯ ಅಭ್ಯಾಸಬಲದಿಂದ ನಾವು ಅದರ ಚರಿತ್ರೆಯಿಂದ ಆರಂಭಿಸಿ, ಭಾಗಗಳ ಹೆಸರು ಬಾಯಿಪಾಠ ಮಾಡಿಸಿ, ಕೊನೆಗೆ ಟಿಪ್ಪಣಿ ಬರೆಯಿಸುತ್ತೇವೆ. ಹುಡುಗನು ನೂರಕ್ಕೆ ತೊಂಬತ್ತು ಅಂಕ ಪಡೆದಾನು. ಆದರೆ ರಾತ್ರಿಯ ಮಳೆಯಲ್ಲಿ, ಕೆಸರಿನಲ್ಲಿ ಅಂಗಾತ ಮಲಗಿ ಎರಡು ಕೊಳವೆಗಳನ್ನು ಸೇರಿಸಲಾರನು. ಸೈನ್ಯದ ಪಾಠ ಕಟ್ಟುವವನು ತುದಿಯಿಂದ ಮೊದಲಿಗೆ ಬರಬೇಕು. ಕೊನೆಗೆ ಈ ಮನುಷ್ಯನು ಮಾಡಬೇಕಾದ ಕೆಲಸವೇನು? ಎಂಥ ಸನ್ನಿವೇಶದಲ್ಲಿ? ಎಷ್ಟು ಹೊತ್ತಿನಲ್ಲಿ, ಎಷ್ಟು ತಪ್ಪಿಲ್ಲದೆ? ಈ ಮೂರಕ್ಕೆ ಉತ್ತರ ದೊರೆತ ಮೇಲೆಯೇ ಮೊದಲ ದಿನದ ಪಾಠ ಗೊತ್ತಾಗುವುದು.

ಈ ಮಾತನ್ನು ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಮುಖ್ಯನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಗಾನ್ಯೆ. ವಾಯುಪಡೆಗಾಗಿ ವರ್ಷಗಟ್ಟಲೆ ದುಡಿದ ಆತನು 1962ರಲ್ಲಿ ಸೈನಿಕ ತರಬೇತಿಯನ್ನೂ ಕಲಿಕೆಯ ತತ್ತ್ವಗಳನ್ನೂ ಕುರಿತು ಒಂದು ಪ್ರಸಿದ್ಧ ಲೇಖನ ಬರೆದನು. ವಿಮಾನದಿಂದ ಗುರಿಯಿಟ್ಟು ಹೊಡೆಯುವುದು, ರೇಡಾರ್ ಯಂತ್ರವನ್ನು ಚಾಲೂ ಮಾಡುವುದು, ಕೆಟ್ಟ ಯಂತ್ರದಲ್ಲಿ ದೋಷ ಹುಡುಕುವುದು ಈ ಮೂರು ಕೆಲಸಗಳನ್ನು ಆತನು ಪರೀಕ್ಷಿಸಿದನು. ಮತ್ತೆ ಮತ್ತೆ ಮಾಡಿಸು, ಸರಿಯಾದಾಗ ಮೆಚ್ಚು ಎಂಬ ಹಳೆಯ ಸೂತ್ರ ಇಲ್ಲಿ ಸಾಲದೆಂದು ಅವನಿಗೆ ಕಂಡಿತು. ಗುಂಡಿಗಳನ್ನು ಒತ್ತುವುದು ಯಾರಿಗೂ ಕಷ್ಟವಲ್ಲ. ಯಾವುದಾದ ಮೇಲೆ ಯಾವುದು ಎಂಬ ಅನುಕ್ರಮವೇ ಕಷ್ಟ. ದೋಷ ಹುಡುಕುವವನಿಗೆ ಕೈಚಳಕಕ್ಕಿಂತ ಯಂತ್ರದೊಳಗಿನ ಕಾರ್ಯಕಾರಣದ ಅರಿವು ಮುಖ್ಯ. ಆದಕಾರಣ ಕೆಲಸವನ್ನು ಅದರ ಅಂಗಗಳಾಗಿ ಬಿಡಿಸಬೇಕು, ಪ್ರತಿಯೊಂದನ್ನೂ ಗಟ್ಟಿಮಾಡಬೇಕು, ಒಂದರ ಬಲ ಮುಂದಿನದಕ್ಕೆ ಒದಗುವಂತೆ ಜೋಡಿಸಬೇಕು. ಮಗ್ಗದ ಮುಂದೆ ಮಗನನ್ನು ಕೂರಿಸುವ ನಮ್ಮ ದೊಡ್ಡಬಳ್ಳಾಪುರದ ನೇಕಾರರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಹರಿದ ಎಳೆ ಕಟ್ಟಲು ಬಾರದವನಿಗೆ ಅಂಚಿನ ಚಿತ್ತಾರವನ್ನು ಯಾರೂ ವಹಿಸುವುದಿಲ್ಲ.

ಎರಡನೆಯದು ಸನ್ನಿವೇಶದ ಮಾತು. ಬಿಳಿಯ ಹಲಗೆಯ ಮೇಲಿನ ಕಪ್ಪು ವೃತ್ತಕ್ಕೆ ನಿಧಾನವಾಗಿ ಗುಂಡು ಹೊಡೆದು ಕಲಿತವನ ಮುಂದೆ ರಣರಂಗದಲ್ಲಿ ವೃತ್ತ ಬಂದು ನಿಲ್ಲುವುದಿಲ್ಲ. ಇದನ್ನರಿತು ಅಮೆರಿಕದ ಸೈನ್ಯವು 1950ರ ದಶಕದಲ್ಲಿ, ತಿಳಿಯದ ದೂರದಲ್ಲಿ ತಟ್ಟನೆ ಎದ್ದು ಮರೆಯಾಗುವ ಮನುಷ್ಯಾಕೃತಿಯ ಗುರಿಗಳನ್ನು ಅಭ್ಯಾಸಕ್ಕೆ ತಂದಿತು. ನಮ್ಮೂರಿನ ನಿವೃತ್ತ ಹವಾಲ್ದಾರರೊಬ್ಬರು ಇದನ್ನೇ ಇನ್ನೂ ಸುಲಭವಾಗಿ ಹೇಳಿದರು. ಅವರ ಉಸ್ತಾದರು ಕಣ್ಣಿಗೆ ಬಟ್ಟೆ ಕಟ್ಟಿ ಬಂದೂಕನ್ನು ಬಿಚ್ಚಿ ಜೋಡಿಸಲು ಹೇಳುತ್ತಿದ್ದರಂತೆ. ಅದೇಕೆಂದು ಕೇಳಿದೆ. “ಕತ್ತಲಲ್ಲಿ ಬಂದೂಕು ಕೈಕೊಟ್ಟರೆ ದೀಪ ಹಚ್ಚಿ ನೋಡೋಕಾಗುತ್ತಾ ಮೇಷ್ಟ್ರೇ?” ಎಂದು ನಕ್ಕರು.

ಇನ್ನು ಕೆಲವು ಪಾಠಗಳನ್ನು ಬುದ್ಧಿಯಲ್ಲ, ಮೈಯೇ ಕಲಿಯಬೇಕು. 1962ರ ಚೀನಾ ಯುದ್ಧದಲ್ಲಿ ನಮ್ಮ ಅನೇಕ ಯೋಧರು ಬಯಲಿನಿಂದ ನೇರವಾಗಿ ಹಿಮಾಲಯದ ನೆತ್ತಿಗೇರಬೇಕಾಯಿತು. ತೆಳುಗಾಳಿಗೆ ಮೈ ಒಗ್ಗುವಷ್ಟು ಅವಕಾಶವೂ ಇರಲಿಲ್ಲ, ಚಳಿಗೆ ತಕ್ಕ ಉಡುಪೂ ಇರಲಿಲ್ಲ. ಶೌರ್ಯವಿದ್ದೂ ಶ್ವಾಸ ಸಾಲದಾಯಿತು. ಇಂದಿನ ಪದ್ಧತಿಯಲ್ಲಿ 9,000 ಅಡಿಯಿಂದ 12,000 ಅಡಿಯವರೆಗೆ 6 ದಿನ, 15,000 ಅಡಿಯವರೆಗೆ ಮತ್ತೆ 4 ದಿನ, ಅದಕ್ಕೂ ಮೇಲೆ ಇನ್ನೂ 4 ದಿನ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೈಯನ್ನು ಒಗ್ಗಿಸುತ್ತಾರೆ. ಯಾವ ಜನರಲ್ಲನ ಅಪ್ಪಣೆಯೂ ರಕ್ತವನ್ನು ಅವಸರಪಡಿಸಲಾರದು. ಪಾಠದ ಅವಧಿಯನ್ನು ಕಲಿಯುವವನು ಗೊತ್ತುಮಾಡಬೇಕೇ ಹೊರತು ಪಂಚಾಂಗವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ಮಾತು ಇಂದು ನಮ್ಮ ಮನೆಬಾಗಿಲಿಗೇ ಬಂದಿದೆ. 2022ರ ಜೂನಿನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇರುವ ಹುಡುಗನಿಗೆ ತರಬೇತಿಯೂ ಒಳಗೊಂಡು ನಾಲ್ಕು ವರ್ಷದ ಸೇವೆ. ಅನಂತರ ಉಳಿಸಿಕೊಳ್ಳುವುದು ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ. ಕಾಲ ಕಿರಿದಾದಾಗ ಪಾಠ ಕಟ್ಟುವವನ ಹೊಣೆ ಹಿರಿದಾಗುತ್ತದೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ತೂಗಿ ನೋಡದೆ ಎಲ್ಲವನ್ನೂ ಅರ್ಧಂಬರ್ಧ ತುರುಕಿದರೆ ಅದರ ದಂಡವನ್ನು ತೆರುವವನು ಹಳ್ಳಿಯ ಹುಡುಗ. ಅವನ ಕಷ್ಟ ಇನ್ನೊಂದಿದೆ. ಸೈನ್ಯದ ವ್ಯವಹಾರ ನಡೆಯುವುದು ಹಿಂದಿಯಲ್ಲಿ. ಅವನು ಓದಿದ್ದು ಕನ್ನಡದಲ್ಲಿ. ಅಪ್ಪಣೆ ಅರ್ಥವಾಗದೆ ತಡವರಿಸಿದವನನ್ನು ಮಂದಬುದ್ಧಿಯವನೆಂದು ತಿಳಿಯುವುದು ಬಹು ಸುಲಭ. ಅಪ್ಪಣೆಯ ಮಾತು ಎಲ್ಲರಿಗೂ ಒಂದೇ ಇರಬೇಕು, ನಿಜ. ಆದರೆ ಆ ಅಪ್ಪಣೆಯ ಕಾರಣವನ್ನು ಮೊದಲ ಸಲ ತಾಯ್ನುಡಿಯಲ್ಲಿ ವಿವರಿಸಿದರೆ ಶಿಸ್ತಿಗೆ ಯಾವ ಕುಂದೂ ಬಾರದೆಂದು ನನ್ನ ಅಭಿಪ್ರಾಯ. ಮರಳಿ ಊರಿಗೆ ಬರುವ ಮುಕ್ಕಾಲು ಪಾಲು ಹುಡುಗರಿಗೆ ಅಲ್ಲಿ ಕಲಿತ ಯಂತ್ರದ ಕೆಲಸ, ಪ್ರಥಮ ಚಿಕಿತ್ಸೆ, ಕಟ್ಟಡದ ಕಸುಬು ಇಲ್ಲಿಯೂ ಅನ್ನಕ್ಕೆ ದಾರಿಯಾಗಬೇಕು. ಅದೂ ಪಾಠದ ನಕ್ಷೆಯಲ್ಲಿ ಮೊದಲೇ ಸೇರಿರಬೇಕಾದ ಅಂಶ.

ಕೊನೆಯದು ಪರೀಕ್ಷೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬಾತನು 1959ರಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದನು: ಕಲಿತವನಿಗೆ ಹಿಡಿಸಿತೇ, ಕಲಿತನೇ, ಕೆಲಸದಲ್ಲಿ ಬಳಸಿದನೇ, ಬಳಸಿದ್ದರಿಂದ ಫಲ ಬಂದಿತೇ. ನಮ್ಮ ಶಾಲೆಗಳು ಎರಡನೆಯ ಮೆಟ್ಟಿಲಿನಲ್ಲಿಯೇ ಕುಳಿತು ದಣಿವಾರಿಸಿಕೊಳ್ಳುತ್ತವೆ. ಸೈನ್ಯಕ್ಕೆ ಆ ಸೌಕರ್ಯವಿಲ್ಲ. ನಮ್ಮಲ್ಲಿ ಹುಡುಗನು ನಪಾಸಾದರೆ ಹುಡುಗನದೇ ತಪ್ಪು. ಅಲ್ಲಿ ಒಂದು ತಂಡವೇ ಎಡವಿದರೆ ಪಾಠವನ್ನೇ ಬಿಚ್ಚಿ ನೋಡಬೇಕಾಗುತ್ತದೆ.

ನಾವು ಅಧ್ಯಾಪಕರು ಸೈನ್ಯದಿಂದ ಕವಾಯತನ್ನು ಎರವಲು ತರಬೇಕಾಗಿಲ್ಲ. ಅದು ನಮ್ಮಲ್ಲಿ ಬೇಕಾದಷ್ಟಿದೆ. ತರಬೇಕಾದದ್ದು ಈ ಬಿಚ್ಚಿ ನೋಡುವ ಧೈರ್ಯವನ್ನು. ನಮ್ಮೂರಿನ ಹೆಸರಿನಲ್ಲಿ ಕೆರೆಯೂ ಇದೆ, ತೂಬೂ ಇದೆ. ಕೆರೆ ತುಂಬಿದ್ದರೂ ಗದ್ದೆ ಒಣಗಿದ್ದರೆ ತೂಬನ್ನು ಪರೀಕ್ಷಿಸುವುದು ರೈತನಿಗೆ ಗೊತ್ತು. ಅವನು ಪೈರನ್ನು ಬೈಯುತ್ತ ಕೂರುವುದಿಲ್ಲ.