ಪಿರೆನೀಸ್ ಒಪ್ಪಂದ: ಯುದ್ಧದ ಅಂತ್ಯವೋ, ಶಾಂತಿಯ ಆರಂಭವೋ?

1659ರ ನವೆಂಬರ್ 7ರಂದು ಫ್ರಾನ್ಸ್ ಮತ್ತು ಸ್ಪೇನ್ ರಾಜ್ಯಗಳು ಗಡಿನದಿ ಬಿದಸೋವದ ನಡುಗಡ್ಡೆಯೊಂದರಲ್ಲಿ ಪಿರೆನೀಸ್ ಒಪ್ಪಂದಕ್ಕೆ ಸಹಿ ಹಾಕಿದವು. 1635ರಲ್ಲಿ ಆರಂಭವಾದ ಯುದ್ಧ ಅಲ್ಲಿಗೆ ಮುಗಿಯಿತು. ಕಾದಾಡಿದ ಅರಸರಿಬ್ಬರೂ ಕಥೋಲಿಕರು. ಸ್ಪೇನಿನ ಪರವಾಗಿ ಲೂಯಿಸ್ ದೆ ಹಾರೊ ಮಾತುಕತೆ ನಡೆಸಿದರೆ, ಫ್ರಾನ್ಸಿನ ಪರವಾಗಿ ಕುಳಿತವರು ಕಾರ್ಡಿನಲ್ ಮಜಾರಿನ್. ಅವರು ಗುರುದೀಕ್ಷೆ ಪಡೆದವರಲ್ಲವಾದರೂ ಧರ್ಮಸಭೆಯ ಉನ್ನತ ಪದವಿಯಲ್ಲಿದ್ದವರು. ಹಾಗಾದರೆ ಇದನ್ನು ಕ್ರೈಸ್ತ ಶಾಂತಿಯೆನ್ನಬಹುದೇ?

ಸಂತ ಅಗಸ್ಟೀನರು 'ದೇವನಗರ' ಗ್ರಂಥದ 19ನೆಯ ಭಾಗದಲ್ಲಿ ಶಾಂತಿಯನ್ನು ಸುವ್ಯವಸ್ಥೆಯ ಪ್ರಶಾಂತತೆಯೆಂದು ವಿವರಿಸುತ್ತಾರೆ. ಪ್ರತಿಯೊಬ್ಬರಿಗೂ ಸಲ್ಲಬೇಕಾದುದು ಸಂದಾಗ ಮಾತ್ರ ಅದು ನೆಲೆಗೊಳ್ಳುತ್ತದೆ. ಈ ಒರೆಗಲ್ಲಿಗೆ ಒಪ್ಪಂದವನ್ನು ತಿಕ್ಕಿ ನೋಡೋಣ.

ಮೊದಲನೆಯದು, ಕೊಟ್ಟ ಮಾತು. ಸ್ಪೇನಿನ ರಾಜಪುತ್ರಿ ಮರಿಯ ತೆರೇಸಾ 1660ರಲ್ಲಿ 14ನೆಯ ಲೂಯಿಯನ್ನು ವರಿಸಿದಳು. 5,00,000 ಚಿನ್ನದ ನಾಣ್ಯಗಳ ವರದಕ್ಷಿಣೆಗೆ ಪ್ರತಿಯಾಗಿ ಆಕೆ ತವರಿನ ಸಿಂಹಾಸನದ ಹಕ್ಕನ್ನು ಬಿಟ್ಟುಕೊಡಬೇಕಿತ್ತು. ಆ ಹಣ ಸಂದಾಯವಾಗಲೇ ಇಲ್ಲ. ರಾಣಿಯ ಹಕ್ಕಿನ ನೆಪವೊಡ್ಡಿ ಲೂಯಿ 1667ರಲ್ಲಿ ಸ್ಪೇನಿನ ಅಧೀನದಲ್ಲಿದ್ದ ನೆದರ್ಲ್ಯಾಂಡ್ಸಿನ ಮೇಲೆ ದಂಡೆತ್ತಿದನು. ಶಾಂತಿಪತ್ರದ ಒಂದು ಷರತ್ತೇ ಮುಂದಿನ ಯುದ್ಧಕ್ಕೆ ಬೀಜವಾಯಿತು.

ಎರಡನೆಯದು, ಗಡಿಯ ಜನ. ರುಸಿಯೋನ್ ಪ್ರಾಂತ್ಯ ಫ್ರಾನ್ಸಿಗೆ ಸೇರಿತು. ಸೆರ್ದಾನ್ಯ ಕಣಿವೆ ಇಬ್ಭಾಗವಾಗಿ ಅದರ 33 ಹಳ್ಳಿಗಳು ಫ್ರಾನ್ಸಿನ ಪಾಲಾದವು. ಅಲ್ಲಿನ ಕತಲಾನ್ ಜನರ ಅಭಿಮತವನ್ನು ಯಾರೂ ಕೇಳಲಿಲ್ಲ. 1661ರಲ್ಲಿ ಉಪ್ಪಿನ ತೆರಿಗೆ ಹೇರಿದಾಗ ರುಸಿಯೋನಿನ ಗುಡ್ಡಗಾಡಿನವರು ಬಂಡೆದ್ದರು. ಒಂದು ವಿಷಯ ಮಾತ್ರ ಗಮನಾರ್ಹ: ಫ್ರಾನ್ಸಿಗೆ ಸೇರಿದ ಸೆರ್ದಾನ್ಯದ ಧರ್ಮಕೇಂದ್ರಗಳು ಬಹುಕಾಲ ಸ್ಪೇನಿನ ಉರ್ಜೆಲ್ ಧರ್ಮಪ್ರಾಂತ್ಯದಲ್ಲಿಯೇ ಉಳಿದವು. ಅರಸರು ಎಳೆದ ಗೆರೆಯ ಆಚೆಗೂ ಒಬ್ಬನೇ ಬಿಷಪರ ಪಾಲನೆ ಮುಂದುವರಿಯಿತು.

ಹಾಗೆಂದು ಒಪ್ಪಂದವನ್ನು ಹಳಿಯಬೇಕಿಲ್ಲ. ರಕ್ತಪಾತ ನಿಂತದ್ದು ಸಣ್ಣ ವರವಲ್ಲ. ಆದರೆ ಅದು ಶಾಂತಿಯ ಹೊಸ್ತಿಲು, ಮನೆಯಲ್ಲ. 1963ರಲ್ಲಿ ಜಗದ್ಗುರು 23ನೆಯ ಯೊವಾನ್ನರು 'ಪಾಚೆಮ್ ಇನ್ ತೆರಿಸ್' ವಿಶ್ವಪರಿಪತ್ರದಲ್ಲಿ ಶಾಂತಿಯನ್ನು ಸತ್ಯ, ನ್ಯಾಯ, ಪ್ರೀತಿ, ಸ್ವಾತಂತ್ರ್ಯಗಳ ಮೇಲೆ ನಿಲ್ಲಿಸಿದ್ದು ಈ ಕಾರಣದಿಂದಲೇ.

ಧರ್ಮಕೇಂದ್ರದಲ್ಲಿ ಗುರುಗಳಾದ ನಾವೂ ಸಂಧಾನಕಾರರೇ. ಅಣ್ಣತಮ್ಮಂದಿರ ಆಸ್ತಿ ಜಗಳವನ್ನು ಹಬ್ಬಕ್ಕೆ ಮುನ್ನ ಹೇಗೋ ಮುಗಿಸಿ, ಕೈ ಕುಲುಕಿಸಿ ಕಳುಹಿಸುವುದು ಸುಲಭ. ಆ ಕೋಣೆಗೆ ಕರೆಯಿಸಿಕೊಳ್ಳದ ವಿಧವೆ ಅತ್ತಿಗೆಗೆ ಸಲ್ಲಬೇಕಾದುದು ಸಂದಿತೇ ಎಂದು ವಿಚಾರಿಸುವುದು ಕಷ್ಟ. ಪಾಪನಿವೇದನೆಯ ಸಂಸ್ಕಾರದಲ್ಲಿ ಕದ್ದುದನ್ನು ಹಿಂದಿರುಗಿಸಬೇಕೆಂದು ಬೋಧಿಸುವ ನಾವು, ಸಂಧಾನದ ಮೇಜಿನ ಬಳಿಯೂ ಅದನ್ನು ಮರೆಯಲಾಗದು.