ಹಿತ್ತಿಲಲ್ಲಿ ಮಾಂಸದ ಮೊಲಗಳ ಸಾಕಣೆ ಲಾಭಕರವೇ?

ವ್ಯವಸಾಯಕ್ಕೆ ಉಪಕಸಬಾಗಿ ಮೊಲಗಳನ್ನು ಸಾಕಿದರೆ ಅಲ್ಪ ಸ್ಥಳದಲ್ಲಿ, ಅಲ್ಪ ಬಂಡವಾಳದಿಂದ, ಅಲ್ಪ ಕಾಲದಲ್ಲಿ ಹೇರಳವಾದ ಮಾಂಸವೂ ಹಣವೂ ದೊರೆಯುವುದೆಂಬ ಮಾತು ಗ್ರಾಮಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಈ ಮಾತು ನಿರಾಧಾರವಾದುದಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಹೊಸ ಕಸಬೊಂದನ್ನು ಕೈಕೊಂಡರೆ, ಅದನ್ನು ಕಂಡ ಸಣ್ಣ ರೈತರು ಸಾಲಮಾಡಿಯಾದರೂ ಅದನ್ನೇ ಅನುಸರಿಸುವುದುಂಟು. ದೊಡ್ಡ ಹಿಡುವಳಿದಾರನಿಗೆ ಒದಗಿದ ನಷ್ಟವು ಒಂದು ಬೆಳೆಯಲ್ಲಿ ತೀರಬಹುದು. ಎರಡೆಕರೆ ಜಮೀನುಳ್ಳವನಿಗೆ ಅಷ್ಟೇ ನಷ್ಟವು ಆ ಜಮೀನನ್ನು ಅಡವಿಡುವಷ್ಟು ಭಾರವಾಗಬಹುದು. ಆದುದರಿಂದ ಊರಿಗೆ ಮೇಲ್ಪಂಕ್ತಿಯಾಗಿರುವವರು ಈ ವಿಷಯವನ್ನು ಮೊದಲು ಲೆಕ್ಕವಿಟ್ಟು ಪರ್ಯಾಲೋಚಿಸುವುದು ಆವಶ್ಯಕ.

ಕಾಡುಮೊಲ ಬೇರೆ, ಸಾಕುಮೊಲ ಬೇರೆ

ನಮ್ಮ ಹೊಲಗಳ ಬದುಗಳಲ್ಲಿ ಕಾಣುವ ಮೊಲವೂ ಗೂಡಿನಲ್ಲಿ ಸಾಕುವ ಮೊಲವೂ ಒಂದೇ ಜಾತಿಯವಲ್ಲ. ಕಾಡುಮೊಲವು ಬಿಲ ತೋಡುವುದಿಲ್ಲ. ಅದರ ಮರಿಗಳು ಮೈತುಂಬ ಕೂದಲಿನೊಡನೆ ಕಣ್ಣು ತೆರೆದೇ ಹುಟ್ಟುತ್ತವೆ. ಸಾಕುಮೊಲವು ಐರೋಪ್ಯ ಮೂಲದ್ದು. ಅದರ ಮರಿಗಳು ಬೋಳುಮೈಯಿಂದ ಕಣ್ಣು ಮುಚ್ಚಿಕೊಂಡು ಹುಟ್ಟಿ, ಸುಮಾರು ೧೦ ದಿನಗಳ ಮೇಲೆ ಕಣ್ಣು ಬಿಡುತ್ತವೆ. ಇವೆರಡಕ್ಕೂ ಮಿಶ್ರ ಸಂತಾನವಾಗುವುದಿಲ್ಲ. ಕಾಡುಮೊಲವನ್ನು ಹಿಡಿಯುವುದೂ ಕೊಲ್ಲುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವಾದುದರಿಂದ, ಬಲೆಯಿಂದ ಹಿಡಿದು ತಂದ ಮೊಲಗಳಿಂದ ಸಾಕಣೆಯನ್ನು ಆರಂಭಿಸಕೂಡದು.

ಅಂತೆಯೇ ಸಾಕುಮೊಲವನ್ನು ಹೊಲಕ್ಕೆ ಬಿಡಲೂ ಕೂಡದು. ೧೮೫೯ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಕೆಲವು ಮೊಲಗಳನ್ನು ತನ್ನ ಭೂಮಿಯಲ್ಲಿ ಬಿಟ್ಟನು. ಅವುಗಳ ಸಂತತಿಯು ಆ ಖಂಡದ ಬಹುಭಾಗವನ್ನು ವ್ಯಾಪಿಸಿ, ಹುಲ್ಲುಗಾವಲುಗಳನ್ನೂ ಪೈರುಗಳನ್ನೂ ಹಾಳುಮಾಡಿದುದು ಲೋಕವಿದಿತವಾಗಿದೆ.

ಸಂತಾನಶಕ್ತಿ

ನಮ್ಮ ದೇಶದಲ್ಲಿ ಮಾಂಸಕ್ಕಾಗಿ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ, ವೈಟ್ ಜಯಂಟ್, ಗ್ರೇ ಜಯಂಟ್ ಎಂಬ ತಳಿಗಳನ್ನು ಸಾಕುತ್ತಾರೆ. ಹೆಣ್ಣು ಸುಮಾರು ೬ ತಿಂಗಳಿಗೆ ಬೆದೆಗೆ ಯೋಗ್ಯವಾಗುವುದು. ಗಬ್ಬದ ಅವಧಿ ೩೦ರಿಂದ ೩೨ ದಿನಗಳು; ಒಂದು ಸೂಲಿಗೆ ಸಾಧಾರಣವಾಗಿ ೬ರಿಂದ ೮ ಮರಿಗಳು. ಕೂಡಿಸುವಾಗ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯತಕ್ಕದ್ದು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಹೆಣ್ಣು ಅದನ್ನು ಕಚ್ಚಿ ಗಾಯಪಡಿಸುವುದುಂಟು. ೨೮ನೆಯ ದಿನ ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಯೊಂದನ್ನು ಗೂಡಿನಲ್ಲಿರಿಸಿದರೆ, ತಾಯಿಯು ತನ್ನ ಎದೆಯ ಕೂದಲನ್ನು ಕಿತ್ತು ಮರಿಗಳಿಗೆ ಮೆತ್ತೆಯನ್ನು ಅಣಿಮಾಡಿಕೊಳ್ಳುವುದು.

ಈದ ಕೂಡಲೇ ಮತ್ತೆ ಗಬ್ಬ ಕಟ್ಟುವ ಶಕ್ತಿ ಹೆಣ್ಣುಮೊಲಕ್ಕಿದೆ. ಈ ಒಂದು ಸಂಗತಿಯನ್ನೇ ಹಿಡಿದು, ಹೆಣ್ಣೊಂದಕ್ಕೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಮರಿಗಳೆಂದು ಕಾಗದದ ಮೇಲೆ ಲೆಕ್ಕ ತೋರಿಸುವವರುಂಟು. ಬಿಡುವಿಲ್ಲದೆ ಈಯಿಸಿದ ಹೆಣ್ಣು ಬಡಕಲಾಗಿ, ಹಾಲು ಕಡಿಮೆಯಾಗಿ, ಮರಿಗಳು ಸಾಯುತ್ತವೆ. ಹಿತ್ತಿಲಿನ ಸಾಕಣೆಯಲ್ಲಿ ವರ್ಷಕ್ಕೆ ೪ ಸೂಲು, ಸೂಲಿಗೆ ಬದುಕುಳಿಯುವ ಮರಿಗಳು ೫ ಎಂದು ಹಿಡಿಯುವುದೇ ವಿವೇಕ.

ಮಾಂಸವೆಷ್ಟು, ದಾಣಿಯೆಷ್ಟು

ಒಂದು ಗಂಡು, ಮೂರು ಹೆಣ್ಣುಗಳುಳ್ಳ ಸಾಕಣೆಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಮೇಲಿನ ಲೆಕ್ಕದಂತೆ ವರ್ಷಕ್ಕೆ ೬೦ ಮರಿಗಳಾಗುವುವು. ೧೨ ವಾರಗಳ ಮರಿಯ ತೂಕ ಸುಮಾರು ೨ ಕಿಲೋ. ಕೊಯ್ದು ಸುಲಿದ ಮೇಲೆ ಅದರ ಅರ್ಧ, ಎಂದರೆ ೧ ಕಿಲೋ ಮಾಂಸ ದೊರೆಯುವುದು. ವರ್ಷಕ್ಕೆ ೬೦ ಕಿಲೋ ಎಂದರೆ ವಾರಕ್ಕೆ ಒಂದು ಕಿಲೋವಿಗಿಂತ ತುಸು ಹೆಚ್ಚು. ಒಂದು ಸಂಸಾರಕ್ಕೆ ಇದು ಅಲ್ಪವಲ್ಲ. ಈ ಮಾಂಸವು ಬೆಳ್ಳಗೆ, ಮೃದುವಾಗಿ, ಕೊಬ್ಬು ಕಡಿಮೆಯಾಗಿ, ಪೌಷ್ಟಿಕವಾಗಿರುವುದು.

ಹಸುರು ಮೇವು ಸಮೃದ್ಧವಾಗಿದ್ದರೂ ಕೊಡಬೇಕಾದ ದಾಣಿಯ ಅಂದಾಜು ಹೀಗಿದೆ:

ದೊಡ್ಡ ಮೊಲ ನಾಲ್ಕಕ್ಕೆ, ದಿನಕ್ಕೆ ತಲಾ ೧೦೦ ಗ್ರಾಂ ಮೇರೆ, ವರ್ಷಕ್ಕೆ: ೧೪೬ ಕಿಲೋ.
ಹಾಲೂಡಿಸುವ ಹೆಣ್ಣುಗಳಿಗೆ, ಸೂಲೊಂದಕ್ಕೆ ೩೦ ದಿನ, ದಿನಕ್ಕೆ ೧೦೦ ಗ್ರಾಂ ಹೆಚ್ಚುವರಿ, ೧೨ ಸೂಲುಗಳಿಗೆ: ೩೬ ಕಿಲೋ.
೬೦ ಮರಿಗಳಿಗೆ, ಹಾಲು ಬಿಡಿಸಿದ ಮೇಲೆ ೭ ವಾರ, ದಿನಕ್ಕೆ ತಲಾ ೫೦ ಗ್ರಾಂ ಮೇರೆ: ೧೪೭ ಕಿಲೋ.
ಒಟ್ಟು: ೩೨೯ ಕಿಲೋ.

ಎಂದರೆ ಒಂದು ಕಿಲೋ ಮಾಂಸಕ್ಕೆ ಸುಮಾರು ಐದೂವರೆ ಕಿಲೋ ದಾಣಿ ವೆಚ್ಚವಾಗುವುದು. ಜೋಳ, ಬೂಸ, ತೌಡು, ಹಿಂಡಿಗಳ ಧಾರಣೆಯನ್ನು ತಮ್ಮ ಊರಿನಲ್ಲಿಯೇ ವಿಚಾರಿಸಿ, ಐದೂವರೆ ಕಿಲೋ ದಾಣಿಯ ಬೆಲೆಯನ್ನು ಒಂದು ಕಿಲೋ ಕೋಳಿಮಾಂಸದ ಬೆಲೆಯೊಡನೆ ಹೋಲಿಸಿ ನೋಡತಕ್ಕದ್ದು. ಎರಡೂ ಸಮೀಪವಾಗಿದ್ದರೆ ಲಾಭವಿಲ್ಲ. ಮನೆಯಲ್ಲಿ ಬೆಳೆದ ಜೋಳವೆಂದು ಅದನ್ನು ಲೆಕ್ಕದಿಂದ ಬಿಡುವುದು ಸರಿಯಲ್ಲ. ಮಾರಿದ್ದರೆ ಅದಕ್ಕೂ ಹಣ ಬರುತ್ತಿದ್ದಿತು. ಮೊಲದ ಹಿಕ್ಕೆಯು ತರಕಾರಿ ತೋಟಕ್ಕೆ ಶ್ರೇಷ್ಠವಾದ ಗೊಬ್ಬರವಾದುದರಿಂದ ಅದನ್ನು ಜಮೆಯ ಬದಿಗೆ ಸೇರಿಸಬಹುದು.

ಹವೆಯ ತೊಡಕು

ಮೊಲವು ಬೆವರುವ ಪ್ರಾಣಿಯಲ್ಲ. ತನ್ನ ಮೈಬಿಸಿಯನ್ನು ಅದು ಮುಖ್ಯವಾಗಿ ಕಿವಿಗಳ ಮೂಲಕವೂ ಉಸಿರಿನ ಮೂಲಕವೂ ಹೊರಹಾಕಬೇಕಾಗಿದೆ. ಉಷ್ಣತೆಯು ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ಮೇವು ತಿನ್ನುವುದು ಕಡಿಮೆಯಾಗುವುದು. ಇನ್ನೂ ಏರಿದರೆ ಗಂಡುಗಳು ಕೆಲವು ವಾರಗಳ ಕಾಲ ಸಂತಾನಶಕ್ತಿಯನ್ನು ಕಳೆದುಕೊಳ್ಳುವುವು, ಗಬ್ಬದ ಹೆಣ್ಣುಗಳು ಸಾಯುವುದೂ ಉಂಟು. ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಬೇಸಗೆಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದು. ಅಲ್ಲಿ ತಗಡಿನ ಮಾಡಿನ ಕೆಳಗೆ ಮೊಲವನ್ನು ಸಾಕುವುದು ನಷ್ಟವನ್ನು ಕರೆದು ಕೂರಿಸಿಕೊಂಡಂತೆ. ದಕ್ಷಿಣದಲ್ಲಿ ಮೊಲಗಳ ಸಂಶೋಧನೆ ನಡೆದಿರುವ ಮನ್ನವನೂರು, ಸ್ಯಾಂಡಿನಲ್ಲಾ ಕೇಂದ್ರಗಳು ಕ್ರಮವಾಗಿ ಕೊಡೈಕನಾಲ್ ಮತ್ತು ನೀಲಗಿರಿ ಬೆಟ್ಟಗಳ ತಂಪಿನಲ್ಲಿರುವುದನ್ನು ಗಮನಿಸಬೇಕು. ಕೊಡಗು, ಚಿಕ್ಕಮಗಳೂರುಗಳ ಬೆಟ್ಟಸೀಮೆಯ ಹವೆಯು ಇದಕ್ಕೆ ಹೆಚ್ಚು ಅನುಕೂಲ. ಆದರೆ ಮಳೆಗಾಲದ ಶೀತದಿಂದ ಗೂಡನ್ನು ಕಾಪಾಡಬೇಕು.

ಗೂಡು, ಮೇವು, ರೋಗ

ಹೆಣ್ಣೊಂದಕ್ಕೆ ಸುಮಾರು ೭೫ ಸೆಂಟಿಮೀಟರು ಉದ್ದ, ೬೦ ಅಗಲ, ೪೫ ಎತ್ತರದ ಪ್ರತ್ಯೇಕ ಗೂಡು ಬೇಕು. ಗೂಡು ನೆಲದಿಂದ ಮೇಲಿದ್ದು, ಹಿಕ್ಕೆಯೂ ಮೂತ್ರವೂ ಕೆಳಗೆ ಬೀಳುವಂತಿರಬೇಕು. ನಾಯಿ, ಬೆಕ್ಕು, ಹಾವು, ಹೆಗ್ಗಣಗಳು ನುಸುಳದಂತಿರಬೇಕು. ಕುದುರೆಮೆಂತೆ, ಅಲಸಂದೆ, ಅಗಸೆ, ಹಿಪ್ಪುನೇರಳೆ ಸೊಪ್ಪುಗಳನ್ನು ತುಸು ಬಾಡಿಸಿ ಹಾಕುವುದು ಒಳ್ಳೆಯದು. ಮಂಜಿನಲ್ಲಿ ತೊಯ್ದ ಸೊಪ್ಪಿನಿಂದ ಹೊಟ್ಟೆಯುಬ್ಬರ ಬರಬಹುದು. ಔಷಧಿ ಸಿಂಪಡಿಸಿದ ಸೊಪ್ಪನ್ನೂ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನೂ ಎಂದಿಗೂ ಹಾಕಕೂಡದು. ಬೂಷ್ಟಿನ ವಿಷವನ್ನು ಮೊಲವು ತಾಳಲಾರದು. ಮೊಲವು ತನ್ನ ಮೃದುವಾದ ಹಿಕ್ಕೆಯನ್ನು ತಾನೇ ತಿನ್ನುವುದು ಅದರ ಜೀರ್ಣಕ್ರಿಯೆಯ ಅಂಗವೇ ಹೊರತು ರೋಗವಲ್ಲ.

ಕೊಳಕು, ತೇವಗಳಿರುವ ಗೂಡಿನಲ್ಲಿ ಕಾಕ್ಸಿಡಿಯೋಸಿಸ್ ಎಂಬ ಭೇದಿರೋಗವು ಮರಿಗಳನ್ನು ಸಾಲಾಗಿ ಕೊಲ್ಲುವುದು. ಕಿವಿಕಜ್ಜಿ, ಮೂಗುಸೋರುವ ರೋಗಗಳೂ ಉಂಟು. ಪ್ರತಿನಿತ್ಯವೂ ಗೂಡನ್ನು ಶುಚಿಮಾಡಿ ಮೊಲಗಳನ್ನು ಪರೀಕ್ಷಿಸುವವರು ಮನೆಯಲ್ಲಿ ಇಲ್ಲದಿದ್ದರೆ ಈ ಕಸಬಿಗೆ ಕೈಹಾಕದಿರುವುದೇ ಲೇಸು.

ಗಿರಾಕಿ ಯಾರು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇಟಲಿ, ಸ್ಪೇನ್, ಫ್ರಾನ್ಸ್ ದೇಶಗಳಲ್ಲಿ ಮೊಲದ ಮಾಂಸವು ಬಹುಕಾಲದಿಂದ ಊಟದಲ್ಲಿ ಸೇರಿಹೋಗಿರುವುದರಿಂದ ಅಲ್ಲಿ ಅದಕ್ಕೆ ಪೇಟೆಯಿದೆ. ನಮ್ಮ ಸಂತೆಗಳಲ್ಲಿ ಕುರಿಗೂ ನಾಟಿಕೋಳಿಗೂ ಇರುವಂತೆ ಮೊಲಕ್ಕೆ ಕಟ್ಟಾದ ಧಾರಣೆಯಿಲ್ಲ. “ಗಂಡುಹೆಣ್ಣುಗಳನ್ನು ನಮ್ಮಿಂದ ಕೊಳ್ಳಿರಿ, ಮರಿಗಳನ್ನೆಲ್ಲ ನಾವೇ ಕೊಳ್ಳುವೆವು” ಎಂದು ಕರಾರು ಬರೆದುಕೊಡುವವರು ಬಂದಾಗ, ಆ ಮರಿಗಳನ್ನು ಅವರು ಯಾರಿಗೆ ಮಾರುವರೆಂದು ಕೇಳಬೇಕು. ತಿನ್ನುವವರಿಗೆ ಮಾರುವುದಾದರೆ ಆ ಅಂಗಡಿಯನ್ನು ಹೋಗಿ ನೋಡಬೇಕು. ಹೊಸದಾಗಿ ಸಾಕುವವರಿಗೇ ಮಾರುವುದಾದರೆ, ಹೊಸಬರು ಬರುವುದು ನಿಂತ ದಿನ ಕೊಳ್ಳುವುದೂ ನಿಲ್ಲುವುದು. ತಮಿಳುನಾಡಿನ ಈರೋಡು ಸೀಮೆಯಲ್ಲಿ ಎಮು ಪಕ್ಷಿಗಳ ಸಾಕಣೆಯ ಯೋಜನೆಗಳು ೨೦೧೨ರಲ್ಲಿ ಕುಸಿದಾಗ, ಠೇವಣಿಯಿಟ್ಟ ಸಾವಿರಾರು ಜನರು ಹಣವನ್ನು ಕಳೆದುಕೊಂಡರು. ಮೇವಿಲ್ಲದ ಪಕ್ಷಿಗಳು ಅವರ ಅಂಗಳದಲ್ಲಿ ಉಳಿದುವು. ಮಾಂಸವನ್ನು ಮಾರುವವರು ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ನೋಂದಣಿ ಅಥವಾ ಪರವಾನಗಿ ಪಡೆಯಬೇಕೆಂಬುದನ್ನೂ ಮರೆಯಕೂಡದು.

ಮನೆಯ ಉಪಯೋಗಕ್ಕೆಂದು ಸಾಕುವವರಿಗೂ ಒಂದು ಪ್ರಶ್ನೆಯುಂಟು. ಮಕ್ಕಳು ಹೆಸರಿಟ್ಟು ಕರೆದು ಸೊಪ್ಪು ತಿನ್ನಿಸಿದ ಮೊಲವನ್ನು ಕೊಯ್ಯುವವರು ಯಾರು? ಮನೆಯವರು ಇದಕ್ಕೆ ಒಡಂಬಡದೆ, ಮೊಲಗಳು ತಿನ್ನುತ್ತಾ ಗೂಡಿನಲ್ಲಿಯೇ ಮುದಿಯಾಗುವ ಸಂದರ್ಭಗಳು ಅಪರೂಪವಲ್ಲ.

ತೀರ್ಮಾನ

ತಂಪಾದ ಸೀಮೆ, ವರ್ಷವಿಡೀ ಹಸುರು ಮೇವು, ನಿತ್ಯ ನೋಡಿಕೊಳ್ಳುವ ಕೈ, ತಿನ್ನಲು ಒಪ್ಪುವ ಸಂಸಾರ ಈ ನಾಲ್ಕೂ ಇರುವೆಡೆಯಲ್ಲಿ ಒಂದು ಗಂಡು ಮೂರು ಹೆಣ್ಣುಗಳ ಸಾಕಣೆಯು ಪ್ರಯೋಜನಕರವೇ ಸರಿ. ಇವುಗಳಲ್ಲಿ ಒಂದು ತಪ್ಪಿದರೂ ನಾಟಿಕೋಳಿಗಳು ಮೇಲು. ಮಾರಾಟಕ್ಕಾಗಿ ಸಾಕುವುದನ್ನು, ಮಾಂಸವನ್ನೇ ಕೊಳ್ಳುವ ಖಾಯಂ ಗಿರಾಕಿಯು ಗೊತ್ತಾಗುವವರೆಗೆ ಆರಂಭಿಸತಕ್ಕದ್ದಲ್ಲ. ಅದಕ್ಕಾಗಿ ಜಮೀನಿನ ಮೇಲೆ ಸಾಲ ತೆಗೆಯುವುದಂತೂ ಎಂದಿಗೂ ಕೂಡದು.

ಪ್ರಯತ್ನಿಸಬೇಕೆಂಬ ಆಸಕ್ತಿಯುಳ್ಳವರು ನಾಲ್ಕು ಮೊಲಗಳಿಂದ ಆರಂಭಿಸಿ, ಒಂದು ಬೇಸಗೆಯೂ ಒಂದು ಮಳೆಗಾಲವೂ ಕಳೆಯುವವರೆಗೆ ಹುಟ್ಟಿದ ಮರಿ, ಸತ್ತ ಮರಿ, ಹಾಕಿದ ದಾಣಿ, ದೊರೆತ ಮಾಂಸ ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವ ಹಟವನ್ನು ಬಿಟ್ಟು, ವರ್ಷದ ಕೊನೆಯಲ್ಲಿ ಆ ಪುಸ್ತಕವನ್ನು ನೆರೆಯವರಿಗೂ ತೋರಿಸಿದರೆ, ಲಾಭವಾಗಲಿ ನಷ್ಟವಾಗಲಿ, ಅದರಿಂದ ಊರಿಗೆಲ್ಲ ಉಪಕಾರವಾಗುವುದು.