ನಿಂತ ಗಾಡಿಯ ಮೇಲೆ ಕುಳಿತರೆ ಸ್ಟ್ಯಾಂಡ್ ಮುರಿಯುವುದೇ?

ಹೊತ್ತು ಇಳಿದು ಬಿಸಿಲಿನ ಝಳ ತುಸು ತಗ್ಗುತ್ತಲೇ ಅಕ್ಕಲಕೋಟದಿಂದ ಸೊಲ್ಲಾಪುರದವರೆಗಿನ ಯಾವ ಊರಿಗೆ ಹೋದರೂ ಕಾಣುವ ನೋಟವೊಂದುಂಟು. ಚಹದಂಗಡಿಯ ಮುಂದೆ, ಗುಡಿಯ ಮಗ್ಗುಲಿಗೆ, ಹಾಲಿನ ಡೇರಿಯ ಎದುರಿಗೆ ನಾಲ್ಕಾರು ಮೋಟಾರ್ ಸೈಕಲ್ಲುಗಳು ಒಂದೇ ಕಡೆಗೆ ವಾಲಿ ನಿಂತಿರುತ್ತವೆ. ಒಂದೊಂದರ ಮೇಲೂ ಒಬ್ಬಿಬ್ಬರು ಕುಳಿತು ಮಳೆಯ ವಿಚಾರ, ತೊಗರಿಯ ದರ, ಚುನಾವಣೆಯ ಲೆಕ್ಕಾಚಾರ ನಡೆಸಿರುತ್ತಾರೆ. ಹಿಂದೆ ಈ ಹರಟೆಯೆಲ್ಲ ಕಟ್ಟೆಯ ಮೇಲೆ ನಡೆಯುತ್ತಿತ್ತು. ಕಟ್ಟೆ ಈಗಲೂ ಅಲ್ಲೇ ಇದೆ. ಕೂಡುವವರು ಮಾತ್ರ ಗಾಡಿಯ ಮೇಲೇರಿದ್ದಾರೆ.

ನಮ್ಮ ಓಣಿಯ ಹಿರಿಯರೊಬ್ಬರು, ಎಲ್ಲರೂ ಕಾಕಾ ಎಂದು ಕರೆಯುವವರು, ಈ ನೋಟವನ್ನು ಕಂಡಾಗಲೆಲ್ಲ ಗದರುತ್ತಾರೆ: “ಇಳೀರೋ ತಮ್ಮಾ, ಸ್ಟ್ಯಾಂಡ್ ಮುರೀತದ.” ಹುಡುಗರ ಉತ್ತರವೂ ಸಿದ್ಧವಾಗಿರುತ್ತದೆ: “ಕ್ವಿಂಟಲ್ ಮ್ಯಾಲಿನ ಗಾಡೀನ ಹೊತ್ತು ನಿಂತದ ಕಾಕಾ, ನಮ್ಮ ಭಾರ ಯಾವ ಲೆಕ್ಕ?” ಕೇಳಲು ತರ್ಕಬದ್ಧವೆನಿಸುವ ಈ ಉತ್ತರದಲ್ಲಿ ಒಂದು ತಪ್ಪು ಅಡಗಿದೆ. ಸ್ಟ್ಯಾಂಡು ಗಾಡಿಯನ್ನು ಹೊತ್ತು ನಿಂತಿದೆ ಎಂಬುದೇ ಆ ತಪ್ಪು.

ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ಎರಡು ಗಾಲಿಗಳೂ ನೆಲದ ಮೇಲೆಯೇ ಇರುತ್ತವೆ. ಭಾರದ ದೊಡ್ಡ ಪಾಲನ್ನು ಅವೇ ಹೊರುತ್ತವೆ. ಎಡಕ್ಕೆ ವಾಲಿದ ಗಾಡಿ ಇನ್ನಷ್ಟು ವಾಲಿ ಬೀಳದಂತೆ ತಡೆಯುವುದಷ್ಟೇ ಸ್ಟ್ಯಾಂಡಿನ ಕೆಲಸ. ಇದನ್ನು ಲೆಕ್ಕಕ್ಕಿಳಿಸಿ ನೋಡೋಣ. ನಮ್ಮ ಕಡೆ ಹೆಚ್ಚಾಗಿ ಓಡಾಡುವ 100 ಸಿಸಿಯ ಗಾಡಿ ಸುಮಾರು 110 ಕಿಲೋ ತೂಗುತ್ತದೆ. ಅದರ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ಗಾಡಿ 10 ಡಿಗ್ರಿಯಷ್ಟು ವಾಲಿದೆ, ಸ್ಟ್ಯಾಂಡಿನ ಪಾದ ಗಾಲಿಗಳ ಸಾಲಿನಿಂದ ಗೇಣಿಗಿಂತ ತುಸು ಹೆಚ್ಚು, ಅಂದರೆ 28 ಸೆಂಟಿಮೀಟರ್ ದೂರದಲ್ಲಿದೆ ಎಂದು ಹಿಡಿಯೋಣ. ಆಗ ಗುರುತ್ವಕೇಂದ್ರ ಗಾಲಿಗಳ ಸಾಲಿನಿಂದ 9 ಸೆಂಟಿಮೀಟರ್ ಎಡಕ್ಕೆ ಸರಿದಿರುತ್ತದೆ. ಸನ್ನೆಗೋಲಿನ ಲೆಕ್ಕದಂತೆ 110ನ್ನು 9ರಿಂದ ಗುಣಿಸಿ 28ರಿಂದ ಭಾಗಿಸಿದರೆ ಸ್ಟ್ಯಾಂಡಿನ ಪಾಲಿಗೆ ಬರುವುದು ಸುಮಾರು 35 ಕಿಲೋ. ಒಂದು ಚೀಲ ಸಿಮೆಂಟಿನ ತೂಕವೂ ಇಲ್ಲ!

ಈಗ ಆ ಗಾಡಿಯ ಮೇಲೆ 70 ಕಿಲೋ ತೂಗುವ ಒಬ್ಬ, ಕಾಲುಗಳನ್ನು ನೆಲಕ್ಕೆ ಊರದೆ, ಕುಳಿತನೆನ್ನಿ. ಗಾಡಿಗಿಂತ ಹಗುರನಾದ ಅವನು ಸ್ಟ್ಯಾಂಡಿಗೆ ಸೇರಿಸುವ ಭಾರವೂ ಕಡಿಮೆಯೇ ಇರಬೇಕೆಂದು ತೋರುತ್ತದೆ. ಆದರೆ ಅವನು ಕುಳಿತಿರುವುದು ಎತ್ತರದಲ್ಲಿ. ಅವನ ಗುರುತ್ವಕೇಂದ್ರ ನೆಲದಿಂದ ಒಂದು ಮೀಟರ್ ಮೇಲಿರುವುದರಿಂದ ಅದೇ 10 ಡಿಗ್ರಿಯ ವಾಲಿಕೆಯಲ್ಲಿ ಅದು 17 ಸೆಂಟಿಮೀಟರಿಗೂ ಹೆಚ್ಚು ಎಡಕ್ಕೆ ಸರಿದಿರುತ್ತದೆ. ಅವನೊಬ್ಬನಿಂದಲೇ ಸ್ಟ್ಯಾಂಡಿನ ಮೇಲೆ ಬೀಳುವ ಭಾರ 43 ಕಿಲೋ. ಮೊದಲಿನ 35 ಸೇರಿದರೆ ಒಟ್ಟು 78, ಇಮ್ಮಡಿಯನ್ನೂ ಮೀರಿತು. ಇನ್ನು ಗೆಳೆಯರೊಡನೆ ಮಾತಾಡುವಾಗ ಎರಡೂ ಕಾಲುಗಳನ್ನು ಎಡಗಡೆಗೆ ಇಳಿಬಿಟ್ಟು ಅಡ್ಡ ಕೂಡುವುದು ವಾಡಿಕೆ. ಹಾಗೆ ಕುಳಿತವನ ಭಾರ ಸ್ಟ್ಯಾಂಡಿನ ಪಾದದ ನೇರಕ್ಕೆ ಸಮೀಪಿಸಿ, ಅವನ 70 ಕಿಲೋದಲ್ಲಿ ಬಹುಪಾಲು ಅದರ ಮೇಲೆಯೇ ಬೀಳುತ್ತದೆ.

ಎತ್ತರದ ಭಾರ ಸ್ವಲ್ಪವೇ ಓರೆಯಾದರೂ ಬುಡಕ್ಕೆ ಎಷ್ಟು ಹೊರೆಯಾಗುತ್ತದೆ ಎಂಬುದನ್ನು ಸೊಲ್ಲಾಪುರದವರಿಗೆ ಲೆಕ್ಕ ಹಾಕಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ವೇಳೆಗೆ ನಡೆಯುವ ಸಿದ್ಧರಾಮೇಶ್ವರರ ಜಾತ್ರೆಯಲ್ಲಿ ಏಳು ನಂದಿಧ್ವಜಗಳನ್ನು ಹೊತ್ತು ನಡೆಯುವವರನ್ನು ನೋಡಿದವರಿಗೆಲ್ಲ ಇದು ಗೊತ್ತು. ಧ್ವಜ ನೆಟ್ಟಗಿದ್ದಷ್ಟು ಹೊತ್ತು ಒಬ್ಬನ ಮೈಕಟ್ಟು ಅದನ್ನು ತಾಳಿಕೊಳ್ಳುತ್ತದೆ. ತುದಿ ಒಂದಿಷ್ಟು ವಾಲಿತೋ, ಸುತ್ತಲಿನವರೆಲ್ಲ ಕೈಯೊಡ್ಡಿ ಧಾವಿಸಬೇಕಾಗುತ್ತದೆ.

ಹಾಗಾದರೆ 78 ಕಿಲೋ ಭಾರಕ್ಕೆ ಸ್ಟ್ಯಾಂಡಿನ ಉಕ್ಕಿನ ಸಲಾಕೆ ಮುರಿಯುವುದೇ? ಇಲ್ಲ. ಸಲಾಕೆ ಅದರ ಎಷ್ಟೋ ಪಟ್ಟು ತಾಳಬಲ್ಲದು. ದುರ್ಬಲವಾದುದು ಸ್ಟ್ಯಾಂಡು ಗಾಡಿಗೆ ಕೂಡುವ ಜಾಗ. ಅಲ್ಲಿ ಚಾಸಿಗೆ ವೆಲ್ಡ್ ಮಾಡಿದ ಒಂದು ಉಕ್ಕಿನ ಕಿವಿ, ಅದರೊಳಗೆ ಒಂದು ಬೋಲ್ಟು, ಎಳೆದು ಹಿಡಿಯುವ ಒಂದು ಸ್ಪ್ರಿಂಗು, ಇಷ್ಟೇ ಇರುತ್ತವೆ. ಸ್ಟ್ಯಾಂಡು ಹೊರಕ್ಕೆ ಚಾಚಿ ನಿಲ್ಲುವುದರಿಂದ ಮೇಲಿನ ಭಾರ ಅದನ್ನು ಒತ್ತುವುದಷ್ಟೇ ಅಲ್ಲದೆ ಆ ಬೋಲ್ಟಿನ ಹತ್ತಿರ ಬಾಗಿಸಲೂ ನೋಡುತ್ತದೆ. ಕಾಲಾಂತರದಲ್ಲಿ ದುಂಡಗಿದ್ದ ತೂತು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ, ಬೋಲ್ಟು ಸವೆಯುತ್ತದೆ, ಸ್ಟ್ಯಾಂಡಿನ ಪಾದ ಇನ್ನಷ್ಟು ಹೊರಕ್ಕೆ ಸರಿದು ಗಾಡಿ ಮೊದಲಿಗಿಂತ ಹೆಚ್ಚು ವಾಲತೊಡಗುತ್ತದೆ. ಹೆಚ್ಚು ವಾಲಿದ ಗಾಡಿಯಿಂದ ಸ್ಟ್ಯಾಂಡಿಗೆ ಮತ್ತೆ ಹೆಚ್ಚು ಭಾರ.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ಮನೆಯಂಗಳದಲ್ಲಿ ಕಲಿತೆ. ಹಲವು ವರ್ಷಗಳ ಹಿಂದೆ ಒಂದು ಸಂಕ್ರಾಂತಿಯ ದಿನ, ಹೊಸ ಪರಕಾರ ತೊಟ್ಟು ಕುಣಿಯುತ್ತಿದ್ದ ಅಣ್ಣನ ಆರು ವರ್ಷದ ಮಗಳನ್ನು ಫೋಟೋ ತೆಗೆಯಲೆಂದು ಅಂಗಳದಲ್ಲಿ ನಿಂತಿದ್ದ ಅಣ್ಣನ ಗಾಡಿಯ ಮೇಲೆ ಕೂಡಿಸಿದವನು ನಾನೇ. ಕೂಸು ಹ್ಯಾಂಡಲ್ ಹಿಡಿದು ನಗುತ್ತಿದ್ದಂತೆ ಟಪ್ಪೆಂಬ ಸದ್ದಾಯಿತು. ನಾನು ಕೈ ಚಾಚುವಷ್ಟರಲ್ಲಿ ಗಾಡಿ ಎಡಕ್ಕೆ ಉರುಳಿತ್ತು; ಅವಳ ಪಾದ ಅದರ ಕೆಳಗೆ ಸಿಕ್ಕಿತ್ತು. ಪಾದದ ಎಲುಬು ಮುರಿದು ವಾರಗಟ್ಟಲೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಳು. ಹಬ್ಬದ ದಿನ ಮನೆಯಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ನಿನಗರೆ ಹೆಂಗ ಗೊತ್ತಾಗಬೇಕಪಾ” ಎಂದು ಅವ್ವ ಎರಡು ಸಲ ಹೇಳಿದಳು.

ಎರಡು ದಿನ ಬಿಟ್ಟು ಗಾಡಿಯನ್ನು ದುರಸ್ತಿಗೆ ಒಯ್ದಾಗ ಮಿಸ್ತ್ರಿ ಮುರಿದ ಕಿವಿಯ ತುಂಡನ್ನು ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟ. ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ಕಂದು ಬಣ್ಣಕ್ಕೆ ತಿರುಗಿ ತುಕ್ಕು ಹಿಡಿದಿತ್ತು. ಉಳಿದ ತುಸು ಭಾಗ ಮಾತ್ರ ಸಕ್ಕರೆಯ ಹರಳಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. “ನೋಡ್ರಿ, ಹೊಳೀತದಲ್ಲ, ಅದಷ್ಟೇ ಹಬ್ಬದ ದಿನ ಮುರದದ. ತುಕ್ಕು ಹಿಡಿದಿದ್ದು ಎಂದೋ ಸೀಳಿತ್ತು” ಎಂದ. ಆ ಗಾಡಿಯ ಮೇಲೆ ಪ್ರತಿ ಸಂಜೆ ಅಣ್ಣನೂ ಅವನ ಗೆಳೆಯರೂ ಇಬ್ಬಿಬ್ಬರಾಗಿ ಕೂಡುತ್ತಿದ್ದರು. ಪ್ರತಿ ಮುಂಜಾನೆ ಅಣ್ಣ ಸೈಡ್ ಸ್ಟ್ಯಾಂಡ್ ಹಾಕಿದಂತೆಯೇ ಮೇಲೆ ಹತ್ತಿ ನಿಂತು ಕಿಕ್ ಹೊಡೆಯುತ್ತಿದ್ದ. ಅವರೆಲ್ಲರೂ ಸೇರಿ ವರ್ಷಗಟ್ಟಲೆ ಮುರಿದುದನ್ನು ಹದಿನೆಂಟು ಕಿಲೋದ ಕೂಸು ಪೂರ್ಣಗೊಳಿಸಿತು.

ಲೋಹದ ಈ ಬಗೆಯ ದಣಿವನ್ನು ಮೊದಲು ಕ್ರಮಬದ್ಧವಾಗಿ ಅಭ್ಯಸಿಸಿದವನು ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್. ಒಮ್ಮೆ ಭಾರ ಹೇರಿದಾಗ ಏನೂ ಆಗದಿದ್ದ ರೈಲುಗಾಲಿಗಳ ಅಚ್ಚುಗಳು ಅದೇ ಭಾರದಡಿ ವರ್ಷಗಟ್ಟಲೆ ಓಡಿದ ಮೇಲೆ ಇದ್ದಕ್ಕಿದ್ದಂತೆ ತುಂಡಾಗುವುದೇಕೆ ಎಂಬುದು ಅವನ ಮುಂದಿದ್ದ ಪ್ರಶ್ನೆ. 1850 ಮತ್ತು 1860ರ ದಶಕಗಳಲ್ಲಿ ಅವನು ನಡೆಸಿದ ಪ್ರಯೋಗಗಳಿಂದ ಎರಡು ಸಂಗತಿಗಳು ತಿಳಿದುಬಂದವು. ಒಮ್ಮೆಗೇ ಮುರಿಯಲು ಬೇಕಾದ ಬಲಕ್ಕಿಂತ ಬಹಳ ಕಡಿಮೆ ಬಲವೂ ಮತ್ತೆ ಮತ್ತೆ ಬೀಳುತ್ತಿದ್ದರೆ ಲೋಹವನ್ನು ಮುರಿಯಬಲ್ಲದು. ಆದರೆ ಉಕ್ಕಿಗೆ ಒಂದು ಮಿತಿಯುಂಟು, ಬಲ ಆ ಮಿತಿಯ ಕೆಳಗಿದ್ದರೆ ಎಷ್ಟು ಸಲ ಬಿದ್ದರೂ ಉಕ್ಕು ತಾಳಿಕೊಳ್ಳುತ್ತದೆ. ನಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಗಾಡಿಯನ್ನಷ್ಟೇ ತಡೆದು ನಿಂತ ಸ್ಟ್ಯಾಂಡು ಆ ಮಿತಿಯೊಳಗೆ ನಿರಾತಂಕವಾಗಿರುತ್ತದೆ. ಒಂದು ದಿನ ಒಬ್ಬ ಕುಳಿತೆದ್ದರೂ ಗಟ್ಟಿಯಾದ ಸ್ಟ್ಯಾಂಡಿಗೆ ಕೇಡಿಲ್ಲ. ದಿನಾಲೂ ಇಬ್ಬರು ಕುಳಿತು ಅಲುಗಾಡಿದರೆ, ಅದರಲ್ಲೂ ತೂತು ಸವೆದು ಸಡಿಲಾದ ಸ್ಟ್ಯಾಂಡಿನ ಮೇಲೆ, ಬಲ ಮಿತಿಯನ್ನು ಮೀರಿ ಸಣ್ಣದೊಂದು ಬಿರುಕು ಹುಟ್ಟಬಹುದು. ಒಮ್ಮೆ ಹುಟ್ಟಿದ ಬಿರುಕು ಬೆಳೆಯುವುದನ್ನು ಬಿಡುವುದಿಲ್ಲ.

ಕುಳಿತುಕೊಳ್ಳುವುದಕ್ಕಿಂತ ಧಪ್ಪನೆ ಕುಳಿತುಕೊಳ್ಳುವುದು ಕೆಟ್ಟದ್ದು. ಮೆಲ್ಲಗೆ ಇಟ್ಟ ಭಾರಕ್ಕೆ ಹೋಲಿಸಿದರೆ ಒಮ್ಮೆಲೇ ಬಿಟ್ಟ ಭಾರದ ಪರಿಣಾಮ ಇಮ್ಮಡಿ ಎಂಬುದು ಯಂತ್ರಶಾಸ್ತ್ರದ ಹಳೆಯ ಪಾಠ. ಮೇಲಿಂದ ಜಿಗಿದರೆ ಇನ್ನೂ ಹೆಚ್ಚು. ಸೈಡ್ ಸ್ಟ್ಯಾಂಡಿನ ಮೇಲೆ ನಿಂತು ಕಿಕ್ ಹೊಡೆಯುವುದೂ, ಇಕ್ಕಟ್ಟಿನಲ್ಲಿ ಗಾಡಿಯನ್ನು ಅದೇ ಸ್ಟ್ಯಾಂಡಿನ ಮೇಲೆ ಎತ್ತಿ ಗಿರಕಿ ತಿರುಗಿಸುವುದೂ ಇದೇ ಜಾತಿಯವು. ಆ ಗಿರಕಿಯನ್ನು ಒಂದು ಸಾಹಸವೆಂಬಂತೆ ಮಾಡಿ ತೋರಿಸುವವರಿದ್ದಾರೆ. ಆ ಹೊತ್ತಿನಲ್ಲಿ ಗಾಡಿಯ ಹೆಚ್ಚುಕಡಿಮೆ ಪೂರ್ಣ ಭಾರ ಆ ಒಂದು ಬೋಲ್ಟಿನ ಮೇಲಿರುತ್ತದೆ. ಬಿ.ಎಂ.ಡಬ್ಲ್ಯೂ.ದಂಥ ತಯಾರಕರು ತಮ್ಮ ಕೈಪಿಡಿಗಳಲ್ಲಿ, ಸೈಡ್ ಸ್ಟ್ಯಾಂಡ್ ಗಾಡಿಯ ಭಾರಕ್ಕಷ್ಟೇ ರಚಿತವಾದದ್ದು, ಅದನ್ನು ಹಾಕಿದಾಗ ಮೇಲೆ ಕೂಡಬೇಡಿ ಎಂದು ಸ್ಪಷ್ಟವಾಗಿಯೇ ಎಚ್ಚರಿಸುತ್ತಾರೆ. ನನ್ನ ಗಾಡಿಯೊಡನೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಅದನ್ನು ಓದಿದವರು ಯಾರೂ ಇಲ್ಲ, ಈ ಲೇಖನ ಬರೆಯುವವರೆಗೆ ನಾನೂ ಓದಿರಲಿಲ್ಲ.

ಮುರಿಯುವ ಭಯವೊಂದೇ ಆದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಸ್ಟ್ಯಾಂಡು ಗಟ್ಟಿಯಾಗಿದ್ದರೂ ಗಾಡಿ ಉರುಳುವುದುಂಟು, ಅದೂ ಯಾರೂ ನಿರೀಕ್ಷಿಸದ ಬಲಗಡೆಗೆ. ಮೇಲೆ ಭಾರ ಬಿದ್ದಾಗ ಗ್ಯಾರೇಜಿನವರು ಶಾಕಪ್ ಎನ್ನುವ ಸ್ಪ್ರಿಂಗುಗಳು ಕುಗ್ಗಿ ಚಾಸಿ ಕೆಳಗಿಳಿಯುತ್ತದೆ. ಸ್ಟ್ಯಾಂಡಿನ ಉದ್ದ ಮಾತ್ರ ಇದ್ದಷ್ಟೇ ಇರುವುದರಿಂದ ಅದು ಗಾಡಿಯನ್ನು ಬಲಕ್ಕೆ ನೂಕಿ ನೆಟ್ಟಗಾಗಿಸುತ್ತದೆ. ನೆಲ ಸ್ವಲ್ಪ ಬಲಕ್ಕೆ ಇಳಿಜಾರಾಗಿದ್ದರೆ ಮುಗಿಯಿತು. ಆ ಕಡೆ ಆಸರೆಯೇ ಇಲ್ಲ. ಹಳ್ಳಿಗಳಿಂದ ಡೇರಿಗೆ ಹಾಲು ತರುವವರು ಇದನ್ನು ಚೆನ್ನಾಗಿ ಬಲ್ಲರು. 40 ಲೀಟರಿನ ಎರಡು ಕ್ಯಾನುಗಳಲ್ಲಿ ಹಾಲೇ 82 ಕಿಲೋ ತೂಗುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿ ಬಲಗಡೆಯ ಕ್ಯಾನನ್ನು ಮೊದಲು ತೂಗುಹಾಕಿದರೆ ಗಾಡಿ ಬಲಕ್ಕೆ ಉರುಳುತ್ತದೆ. ಎಡಗಡೆಯದನ್ನು ಮೊದಲು ಹಾಕಿದರೆ, ಕ್ಯಾನು ಸ್ಟ್ಯಾಂಡಿನ ಪಾದಕ್ಕಿಂತಲೂ ಹೊರಗೆ ತೂಗುವುದರಿಂದ, ತನ್ನ ತೂಕಕ್ಕಿಂತ ಹೆಚ್ಚಿನ ಭಾರವನ್ನು ಸ್ಟ್ಯಾಂಡಿಗೆ ಹೇರುತ್ತದೆ. ಆದ್ದರಿಂದ ಅನುಭವಸ್ಥರು ಡಬಲ್ ಸ್ಟ್ಯಾಂಡ್ ಹಾಕದೆ ಕ್ಯಾನು ಮುಟ್ಟುವುದಿಲ್ಲ. ಉರುಳಿದ ಹಾಲಿಗೆ ಡೇರಿಯಲ್ಲಿ ದರವಿಲ್ಲ.

ಡಬಲ್ ಸ್ಟ್ಯಾಂಡಿನ ಬಗೆ ಬೇರೆ. ಎರಡು ಕಾಲುಗಳ ನಡುವೆ ಅಡ್ಡಪಟ್ಟಿ ಇರುತ್ತದೆ, ಗಾಡಿ ನೆಟ್ಟಗೆ ನಿಲ್ಲುತ್ತದೆ, ಹಿಂದಿನ ಗಾಲಿ ನೆಲ ಬಿಟ್ಟಿರುತ್ತದೆ. ಇಲ್ಲಿ ಕುಳಿತವನ ಭಾರ ಹೆಚ್ಚುಕಡಿಮೆ ಪೂರ್ತಿ ಸ್ಟ್ಯಾಂಡಿನ ಮೇಲೆಯೇ ಬೀಳುತ್ತದೆ, ನಿಜ. ಆದರೆ ನೇರವಾಗಿ ಬೀಳುತ್ತದೆ. ಬೋಲ್ಟನ್ನು ಪಕ್ಕಕ್ಕೆ ಬಾಗಿಸುವ ಬಲ ತೀರ ಕಡಿಮೆ. ಗಟ್ಟಿ ನೆಲದ ಮೇಲೆ ಒಬ್ಬರು ಅಲುಗಾಡದೆ ಕುಳಿತರೆ ದೊಡ್ಡ ಹಾನಿಯಿಲ್ಲ ಎಂದೇ ನನ್ನ ತಿಳಿವಳಿಕೆ. ಮುಂದಕ್ಕೆ ತೂಗಾಡಿದರೆ ಮಾತ್ರ ಗಾಡಿ ಸ್ಟ್ಯಾಂಡಿನಿಂದ ಜಾರಿ ಮುಂದೆ ಹೊರಟುಬಿಡುತ್ತದೆ. ಈಚಿನ ಹಲವು ಗಾಡಿಗಳಿಗೆ ಡಬಲ್ ಸ್ಟ್ಯಾಂಡೇ ಬರುವುದಿಲ್ಲ. ಹಗುರವೂ ಚೆಂದವೂ ಆಗಿರಲೆಂದು ಅದನ್ನು ಕೈಬಿಟ್ಟಿದ್ದಾರೆ. ಅಂಥವುಗಳ ಮೇಲೆ ಕೂಡಲೇಬೇಕೆಂದರೆ ಎರಡೂ ಕಾಲುಗಳನ್ನು ನೆಲಕ್ಕೆ ಊರಿ ಗಾಡಿಯನ್ನು ತಾವೇ ನೆಟ್ಟಗೆ ಹಿಡಿದುಕೊಂಡಿರುವುದು ಮೇಲು.

ನೆಲವೂ ನೋಡಿಕೊಳ್ಳಬೇಕಾದ ಸಂಗತಿ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕಲ್ಲಿನಂತಿದ್ದು ಒಂದು ಮಳೆಗೆ ಬೆಣ್ಣೆಯಾಗುತ್ತದೆ. 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಡಾಂಬರೂ ಮೆತ್ತಗಾಗುತ್ತದೆ. ಎರಡೂ ಕಡೆ ಸ್ಟ್ಯಾಂಡಿನ ಸಣ್ಣ ಪಾದ ಮೆಲ್ಲಗೆ ಇಳಿಯುತ್ತದೆ, ಮೇಲೆ ಕುಳಿತವರಿದ್ದರೆ ಬೇಗ ಇಳಿಯುತ್ತದೆ. ಹೊಲದ ದಾರಿಯಲ್ಲಿ ಗಾಡಿ ನಿಲ್ಲಿಸುವವರು ಡಿಕ್ಕಿಯಲ್ಲಿ ಅಂಗೈಯಗಲದ ಫರಸಿಯ ಚೂರೊಂದನ್ನು ಇಟ್ಟುಕೊಂಡಿರುವುದನ್ನು ಕಂಡಿದ್ದೇನೆ. ಇಳಿಜಾರಿನಲ್ಲಿ ಗಾಡಿಯ ಮುಖ ಏರಿನ ಕಡೆಗಿರಬೇಕು, ಮೊದಲ ಗೇರಿನಲ್ಲಿರಬೇಕು. ಸೈಡ್ ಸ್ಟ್ಯಾಂಡು ಮಡಚಿಕೊಳ್ಳುವುದು ಹಿಂದಕ್ಕೆ. ಗಾಡಿ ಮುಂದೆ ಸರಿದರೆ ಅದು ತಾನಾಗಿ ಮಡಚಿಕೊಳ್ಳುತ್ತದೆ.

ಮನೆಯಲ್ಲಿರುವ ಗಾಡಿಯನ್ನು ಪರೀಕ್ಷಿಸಲು ಹತ್ತು ನಿಮಿಷ ಸಾಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದಾಗ ಮೊದಲಿಗಿಂತ ಹೆಚ್ಚು ವಾಲುತ್ತಿದೆಯೇ ನೋಡಿ. ಗಾಡಿಯನ್ನು ಒಬ್ಬರು ನೆಟ್ಟಗೆ ಹಿಡಿದಾಗ ಸ್ಟ್ಯಾಂಡನ್ನು ಕೈಯಿಂದ ಅತ್ತಿತ್ತ ಅಲುಗಿಸಿ. ಲಟಲಟ ಎಂದರೆ ಬೋಲ್ಟು, ಬುಶ್ ಸವೆದಿವೆ. ಚಾಸಿಗೆ ಕೂಡುವಲ್ಲಿನ ಕೆಸರು, ಎಣ್ಣೆ ಜಿಡ್ಡು ಉಜ್ಜಿ ತೆಗೆದು ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಂಥ ಕಂದು ಗೆರೆ ಇದೆಯೇ ಎಂದು ಹಗಲು ಬೆಳಕಿನಲ್ಲಿ ನೋಡಿ. ಇದ್ದರೆ ಆ ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ಬಿಡಬೇಡಿ. ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸಿ. ವಾಲಿಕೆ ತಗ್ಗಿಸಲೆಂದು ಪಾದಕ್ಕೆ ಕಬ್ಬಿಣದ ತುಂಡು ಸೇರಿಸಿಕೊಡುವ ಮಿಸ್ತ್ರಿಗಳಿದ್ದಾರೆ. ಅದರಿಂದ ಸವೆದ ಬೋಲ್ಟು ಸರಿಹೋಗದು. ಉದ್ದವಾದ ಸ್ಟ್ಯಾಂಡು ಗಾಡಿಯನ್ನು ಬಲಕ್ಕೆ ಬೀಳಿಸುವ ಭಯವೂ ಸೇರಿಕೊಳ್ಳುತ್ತದೆ.

ಅಣ್ಣನ ಮಗಳು ಈಗ ಕಾಲೇಜಿಗೆ ಸ್ಕೂಟಿಯ ಮೇಲೆ ಹೋಗುತ್ತಾಳೆ. ಆ ತುಂಡನ್ನು ನಾನು ಮಿಸ್ತ್ರಿಯಿಂದ ಕೇಳಿ ತಂದು ಇಟ್ಟುಕೊಂಡಿದ್ದೆ. ಕಳೆದ ವಾರ ಓಣಿಯ ಹುಡುಗರಿಗೆ ತೋರಿಸಲೆಂದು ಹೊರಗೆ ತೆಗೆದರೆ, ಹೊಳೆಯುತ್ತಿದ್ದ ಭಾಗವೂ ತುಕ್ಕು ಹಿಡಿದು ಎರಡೂ ಒಂದೇ ಬಣ್ಣವಾಗಿವೆ. ಆದ್ದರಿಂದ ಬಾಯಿಂದಲೇ ಹೇಳಬೇಕಾಯಿತು. ಒಬ್ಬ ಕೇಳಿಸಿಕೊಂಡು, ಇಳಿದು, ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ ಮತ್ತೆ ಮೇಲೇರಿ ಕುಳಿತ. ಕಾಕಾ ಕಟ್ಟೆಯ ಕಡೆ ಕೈ ತೋರಿಸಿ, “ಅದಕ್ಕ ಸ್ಟ್ಯಾಂಡೇ ಬೇಕಿಲ್ಲೋ ತಮ್ಮಾ” ಎಂದರು.